ಹಾರುವ ಮುನ್ನ ನೆಲದ ಮೇಲೊಂದು ಪರೀಕ್ಷೆ: ಎನ್‌ಎಎಲ್‌ನ ಅರವತ್ತೈದು ವರ್ಷಗಳು

1953ರ ಮೇ 2ರಂದು ಕಲ್ಕತ್ತೆಯ ಡಂಡಂ ನಿಲ್ದಾಣದಿಂದ ದಿಲ್ಲಿಗೆ ಹೊರಟ ಕಾಮೆಟ್ ಜೆಟ್ ವಿಮಾನ ಕೆಲವೇ ನಿಮಿಷಗಳಲ್ಲಿ ಬಿರುಮಳೆಗೆ ಸಿಕ್ಕಿ ಆಕಾಶದಲ್ಲೇ ಒಡೆದುಹೋಯಿತು. ಒಳಗಿದ್ದ 43 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಬಿರುಗಾಳಿಯ ತಲೆಗೆ ತಪ್ಪು ಕಟ್ಟಿ ಲೋಕ ಸುಮ್ಮನಾಯಿತು. ಮರುವರ್ಷದ ಜನವರಿಯಲ್ಲಿ ಒಂದು, ಏಪ್ರಿಲ್‌ನಲ್ಲಿ ಇನ್ನೊಂದು, ಹೀಗೆ ಅದೇ ಮಾದರಿಯ ಎರಡು ವಿಮಾನಗಳು ಇಟಲಿಯ ಹತ್ತಿರ ಕಡಲಿಗೆ ಬಿದ್ದಾಗ ಯಾವ ಬಿರುಗಾಳಿಯೂ ಇರಲಿಲ್ಲ. ಆಗ ಇಂಗ್ಲೆಂಡಿನ ಫಾರ್ನ್‌ಬರೋ ಸಂಶೋಧನಾ ಕೇಂದ್ರದವರು ಒಂದು ಇಡೀ ಕಾಮೆಟನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಏರುವಾಗ ವಿಮಾನದ ಒಡಲು ಹೇಗೆ ಉಬ್ಬುತ್ತದೋ ಇಳಿಯುವಾಗ ಹೇಗೆ ಕುಗ್ಗುತ್ತದೋ ಹಾಗೆಯೇ ಒಳಗಿನ ಒತ್ತಡವನ್ನು ಏರಿಸಿ ಇಳಿಸಿ, ಮತ್ತೆ ಏರಿಸಿ ಇಳಿಸಿದರು. ಆ ವಿಮಾನ ಅದಕ್ಕೆ ಮುಂಚೆ ನಿಜವಾಗಿ ಹಾರಿದ್ದೂ ತೊಟ್ಟಿಯಲ್ಲಿ ಸುಳ್ಳಾಗಿ ಹಾರಿದ್ದೂ ಸೇರಿ 3,057 ಸುತ್ತಾದಾಗ ಒಡಲು ಸೀಳಿತು. ಲೋಹವೂ ದಣಿಯುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಾಣುವಂತೆ ಸಾಬೀತಾಯಿತು.

ಬೆಂಗಳೂರಿನ ಒಂದು ಪ್ರಯೋಗಾಲಯದ ಚರಿತ್ರೆಗೆ ಫಾರ್ನ್‌ಬರೋ ತೊಟ್ಟಿಯಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ಎಲ್ಲರ ಬಾಯಲ್ಲಿ ಎನ್‌ಎಎಲ್, ಹುಟ್ಟಿದ್ದೇ ಇಂಥದೊಂದು ತೊಟ್ಟಿ ನಮ್ಮಲ್ಲಿ ಇಲ್ಲ ಎಂಬ ಕೊರತೆಯಿಂದ. ಅದು ಮುಂದೆ ಸ್ವಂತ ವಿಮಾನಗಳನ್ನೂ ಕಟ್ಟಿತು, ಕಂಪ್ಯೂಟರನ್ನೂ ಕಟ್ಟಿತು. ಆದರೂ ಅದರ ಮೂಲ ಕಸುಬು ಒಂದೇ: ಆಕಾಶದಲ್ಲಿ ಆಗಬಹುದಾದದ್ದನ್ನು ನೆಲದ ಮೇಲೆ ಮೊದಲೇ ಆಗಿಸಿ ನೋಡುವುದು.

1940–1959: ಕಾರ್ಖಾನೆ ಇತ್ತು, ಪರೀಕ್ಷಾಶಾಲೆ ಇರಲಿಲ್ಲ

ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು, ಅಂದರೆ ಮುಂದೆ ಎಚ್‌ಎಎಲ್ ಆದ ಕಾರ್ಖಾನೆಯನ್ನು, ಬೆಂಗಳೂರಿನಲ್ಲಿ ನೆಲೆಗೊಳಿಸಿದರು. ಎರಡು ವರ್ಷದ ಬಳಿಕ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ವಿಭಾಗ ತೆರೆಯಿತು. ಜರ್ಮನಿಯ ಗಟಿಂಗೆನ್‌ನಲ್ಲಿ ಓದಿ ಬಂದಿದ್ದ ವಿ.ಎಂ. ಘಾಟಗೆಯವರ ನಾಯಕತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ–2 ತರಬೇತಿ ವಿಮಾನ 1951ರಲ್ಲಿ ಹಾರಿತು. ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರು ಬಂದು ಎಚ್‌ಎಫ್–24 ಮಾರುತ್ ಕೈಗೆತ್ತಿಕೊಂಡಾಗ ಮಾತು ಬೇರೆಯಾಯಿತು. ಅದು ಶಬ್ದದ ವೇಗದ ಸುತ್ತಮುತ್ತ ಹಾರಬೇಕಾದ ಯುದ್ಧವಿಮಾನ. ಆ ವೇಗದಲ್ಲಿ ಗಾಳಿ ನಡೆದುಕೊಳ್ಳುವ ರೀತಿಯೇ ಬೇರೆ. ಕಡಿಮೆ ವೇಗದ ಲೆಕ್ಕಗಳು ಅಲ್ಲಿ ನಡೆಯುವುದಿಲ್ಲ. ಪುಟ್ಟ ಮಾದರಿಯ ಮೇಲೆ ಅಷ್ಟೇ ವೇಗದ ಗಾಳಿ ಹಾಯಿಸುವ ಗಾಳಿಸುರಂಗದಲ್ಲಿ ಅಳೆದೇ ನೋಡಬೇಕು.

ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಅವರು ಕಟ್ಟಿದ್ದ ಸೂಪರ್‌ಸಾನಿಕ್ ಗಾಳಿಸುರಂಗವೇನೋ ಇತ್ತು. ಅದು ವಿದ್ಯಾರ್ಥಿಗಳಿಗೆ ಪಾಠ ಹೇಳಲು, ಮೂಲ ಸಂಶೋಧನೆಗೆ ಸಾಕು. ಒಂದು ವಿಮಾನದ ಭವಿಷ್ಯವನ್ನು ಅದರ ಮೇಲೆ ಒರಗಿಸಲು ಅಳತೆ ಸಾಲದು. ದೊಡ್ಡ ಸುರಂಗ ಬೇಕೆಂದರೆ ವಿದೇಶಕ್ಕೆ ಮಾದರಿ ಕಳಿಸಬೇಕು, ಅಲ್ಲಿ ಸರದಿಗೆ ಕಾಯಬೇಕು, ವಿದೇಶಿ ವಿನಿಮಯ ಹೊಂದಿಸಬೇಕು. ಅದಕ್ಕಿಂತ ಮುಖ್ಯವಾಗಿ, ನಮ್ಮ ವಿಮಾನದ ಗುಟ್ಟೆಲ್ಲ ಬೇರೆಯವರ ಮೇಜಿನ ಮೇಲೆ ಹರಡಬೇಕು.

ಈ ಕೊರತೆ ತುಂಬಲು ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು, ಅಂದರೆ ಸಿಎಸ್‌ಐಆರ್, 1959ರ ಜೂನ್ 1ರಂದು ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿಯನ್ನು ದಿಲ್ಲಿಯಲ್ಲಿ ಸ್ಥಾಪಿಸಿತು. ಪಿ. ನೀಲಕಂಠನ್ ಮೊದಲ ನಿರ್ದೇಶಕರು. ವಿಮಾನ ಕಾರ್ಖಾನೆಯೂ ವಿಜ್ಞಾನ ಸಂಸ್ಥೆಯೂ ಬೆಂಗಳೂರಿನಲ್ಲಿರುವಾಗ ಪ್ರಯೋಗಾಲಯ ದಿಲ್ಲಿಯಲ್ಲಿದ್ದು ಮಾಡುವುದೇನು? ಮರುವರ್ಷವೇ ಅದು ಇಲ್ಲಿಗೆ ಬಂತು.

1960–1967: ಕುದುರೆಲಾಯದಿಂದ ಗಾಳಿಸುರಂಗಕ್ಕೆ

ಬೆಂಗಳೂರಿನಲ್ಲಿ ಎನ್‌ಎಎಲ್‌ಗೆ ಸಿಕ್ಕ ಮೊದಲ ಸೂರು ಜಯಮಹಲ್ ರಸ್ತೆಯಲ್ಲಿ, ಮೈಸೂರು ಮಹಾರಾಜರ ಅರಮನೆಗೆ ಸೇರಿದ ಕುದುರೆಲಾಯ. ಹಳಬರು ಇದನ್ನು ಈಗಲೂ ನಗುತ್ತಲೇ ಹೇಳುತ್ತಾರೆ. ನಗುವಿನ ಹಿಂದೆ ಒಂದಿಷ್ಟು ಹೆಮ್ಮೆಯೂ ಇದೆ. ಕುದುರೆ ಕಟ್ಟುವ ಜಾಗದಲ್ಲಿ ಮೇಜು ಹಾಕಿ, ಶಬ್ದಕ್ಕಿಂತ ನಾಲ್ಕು ಪಟ್ಟು ವೇಗದ ಗಾಳಿಯ ನಕ್ಷೆ ಬರೆದವರು ಅವರು.

ಮುಂದೆ ಎರಡು ಆವರಣಗಳು ಎದ್ದವು. ವಿಮಾನ ನಿಲ್ದಾಣದ ರಸ್ತೆಯಲ್ಲಿ ಕೋಡಿಹಳ್ಳಿಯ ಆವರಣ, ಅಲ್ಲಿ ಆಡಳಿತ ಮತ್ತು ಹಲವು ವಿಭಾಗಗಳು. ಇನ್ನೊಂದು ಬೇಲೂರಿನ ಆವರಣ. ಹಾಸನದ ಬೇಲೂರಲ್ಲ, ಆಗ ಬೆಂಗಳೂರಿನ ಅಂಚಿನಲ್ಲಿದ್ದ ಒಂದು ಹಳ್ಳಿ. ಹೊಸದಾಗಿ ಸೇರಿದ ಮಲೆನಾಡಿನ ಹುಡುಗರು ಮನೆಗೆ ಬರೆದ ಕಾಗದ ನೋಡಿ, ಮಗ ದೇವಸ್ಥಾನದ ಊರಿನಲ್ಲಿದ್ದಾನೆ ಎಂದುಕೊಂಡ ತಾಯಂದಿರೂ ಇದ್ದಿರಬೇಕು.

ಬೇಲೂರಿನಲ್ಲಿ ಕಟ್ಟಿದ್ದು 1.2 ಮೀಟರ್ ಟ್ರೈಸಾನಿಕ್ ಗಾಳಿಸುರಂಗ. ಮಾದರಿಯನ್ನು ನಿಲ್ಲಿಸುವ ಕೋಣೆಯ ಅಗಲ 1.2 ಮೀಟರ್, ಎತ್ತರವೂ ಅಷ್ಟೇ. ಶಬ್ದದ ವೇಗಕ್ಕಿಂತ ಕೆಳಗೆ, ಅದರ ಆಸುಪಾಸಿನಲ್ಲಿ ಮತ್ತು ಅದನ್ನು ಮೀರಿ, ಮೂರೂ ಬಗೆಯ ಹರಿವನ್ನು ಒಂದೇ ಸುರಂಗದಲ್ಲಿ ತರಬಹುದು; ಶಬ್ದದ ವೇಗವನ್ನು ಮ್ಯಾಕ್ 1 ಎಂದರೆ, ಮ್ಯಾಕ್ 0.2ರಿಂದ 4ರವರೆಗೆ. 1967ರಲ್ಲಿ ಇದು ಕೆಲಸ ಶುರು ಮಾಡಿತು.

ಇಂಥ ಸುರಂಗದಲ್ಲಿ ಗಾಳಿಯನ್ನು ಸದಾ ಓಡಿಸುತ್ತಾ ಇರಬೇಕೆಂದರೆ ಒಂದು ಸಣ್ಣ ಪಟ್ಟಣಕ್ಕೆ ಸಾಕಾಗುವ ವಿದ್ಯುತ್ತು ಬೇಕು. ಅದಕ್ಕೆ ಉಪಾಯ ಬೇರೆ. ನಮ್ಮ ಉತ್ತರ ಕನ್ನಡದ ಮಂಚಿಕೇರಿ ಸುತ್ತಿನ ಅಡಿಕೆ ತೋಟಗಳಲ್ಲಿ ಬೇಸಿಗೆ ಬಂದಾಗ ಒರತೆಯ ಸಣ್ಣ ನೀರನ್ನು ರಾತ್ರಿಯಿಡೀ ಕೆರೆಯಲ್ಲಿ ತುಂಬಗೊಟ್ಟು, ಬೆಳಿಗ್ಗೆ ತೂಬು ಎತ್ತಿ ಒಮ್ಮೆಲೇ ಕಾಲುವೆಗೆ ಬಿಡುತ್ತಿದ್ದರಲ್ಲ, ಅದೇ ಲೆಕ್ಕ. ಕಂಪ್ರೆಸರುಗಳು ನಿಧಾನವಾಗಿ, ಹೊತ್ತು ತೆಗೆದುಕೊಂಡು ಗಾಳಿಯನ್ನು ಉಕ್ಕಿನ ಟ್ಯಾಂಕುಗಳಿಗೆ ಒತ್ತಿ ತುಂಬುತ್ತವೆ. ತುಂಬಿದ ಮೇಲೆ ಕವಾಟ ತೆರೆದರೆ ಆ ಗಾಳಿಯೆಲ್ಲ ಸುರಂಗದ ಮೂಲಕ ಹೊರಕ್ಕೆ ನುಗ್ಗುತ್ತದೆ. ಪರೀಕ್ಷೆಗೆ ಸಿಗುವುದು ಸೆಕೆಂಡುಗಳ ಲೆಕ್ಕದ ಅವಧಿ.

ಆ ಸೆಕೆಂಡುಗಳಲ್ಲಿ ಏನೇನಾಗಬೇಕು ಎಂಬುದನ್ನು ಹತ್ತಿರದಿಂದ ನೋಡಬೇಕು. ಮಾದರಿ ಉಕ್ಕಿನದು, ವರ್ಕ್‌ಶಾಪಿನ ನುರಿತ ಕೈಗಳು ಕೂದಲೆಳೆಯ ನಿಖರತೆಯಲ್ಲಿ ಕಡೆದದ್ದು. ಅದನ್ನು ಬಾಲದ ಕಡೆಯಿಂದ ಒಂದು ಉದ್ದನೆಯ ಸರಳಿಗೆ ಚುಚ್ಚಿ ನಿಲ್ಲಿಸುತ್ತಾರೆ. ಮಾದರಿಯ ಹೊಟ್ಟೆಯೊಳಗೆ ಒಂದು ತಕ್ಕಡಿ ಅಡಗಿರುತ್ತದೆ. ನಮ್ಮ ಕಿರಾಣಿ ತಕ್ಕಡಿಯಲ್ಲ, ಸ್ಟ್ರೇನ್ ಗೇಜ್ ಅಂಟಿಸಿದ ಲೋಹದ ಕಂಬಿ. ಗಾಳಿ ಮಾದರಿಯನ್ನು ಎತ್ತುವ, ಹಿಂದಕ್ಕೆ ತಳ್ಳುವ, ಪಕ್ಕಕ್ಕೆ ನೂಕುವ, ಮೂರು ದಿಕ್ಕಿಗೆ ತಿರುಚುವ ಆರು ಬಲಗಳನ್ನೂ ಅದು ಬೇರೆ ಬೇರೆಯಾಗಿ ಹೇಳುತ್ತದೆ. ಕವಾಟ ತೆರೆದು ಒತ್ತಡ ಸ್ಥಿರವಾದೊಡನೆ ಸರಳು ತಾನೇ ಮೂತಿಯನ್ನು ಕೆಳಗಿನಿಂದ ಮೇಲಕ್ಕೆ ಎತ್ತುತ್ತಾ ಹೋಗುತ್ತದೆ; ಪ್ರತಿ ಕೋನಕ್ಕೂ ಅಳತೆ ದಾಖಲಾಗುತ್ತದೆ. ಗಾಜಿನ ಕಿಟಕಿಯ ಆಚೆಯಿಂದ ಬೆಳಕು ಹಾಯಿಸಿ ಆಘಾತ ತರಂಗಗಳ ಚಿತ್ರ ತೆಗೆಯುತ್ತಾರೆ. ಇಷ್ಟೆಲ್ಲ ಮನುಷ್ಯನ ಕೈಯಿಂದ ಆಗುವ ಮಾತಲ್ಲ. ಯಂತ್ರವೇ ಪರೀಕ್ಷೆ ನಡೆಸಬೇಕು, ಯಂತ್ರವೇ ಬರೆದುಕೊಳ್ಳಬೇಕು; ಮನುಷ್ಯ ಮೊದಲು ಯೋಚಿಸಬೇಕು, ಆಮೇಲೆ ಓದಬೇಕು. ಸ್ವಯಂಚಾಲಿತ ಪರೀಕ್ಷಾ ಸಾಧನ ಎಂದು ಇವತ್ತು ಕಾರ್ಖಾನೆಗಳವರು ಸಲೀಸಾಗಿ ಆಡುವ ಮಾತಿನ ತಿರುಳನ್ನು ಬೇಲೂರಿನಲ್ಲಿ ಅನಿವಾರ್ಯವೇ ಕಲಿಸಿತು.

1965–1984: ವಲ್ಲೂರಿಯವರ ಕಾಲ

1965ರಲ್ಲಿ ಎಸ್.ಆರ್. ವಲ್ಲೂರಿ ನಿರ್ದೇಶಕರಾದರು. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಿಂದ ಬಂದವರು, ಲೋಹದ ದಣಿವು ಅವರ ವಿಶೇಷ ವಿಷಯ. 1984ರವರೆಗೆ, ಸುಮಾರು ಎರಡು ದಶಕ, ಎನ್‌ಎಎಲ್‌ನ ಮೈಕಟ್ಟು ರೂಪುಗೊಂಡದ್ದು ಅವರ ಕೈಯಲ್ಲಿ.

ಗಾಳಿಸುರಂಗಕ್ಕೆ ಜೊತೆಯಾಗಿ ರಚನೆಗಳ ಪರೀಕ್ಷೆ ಬೆಳೆಯಿತು. ನಿಜವಾದ ರೆಕ್ಕೆಯನ್ನು ಉಕ್ಕಿನ ಚೌಕಟ್ಟಿಗೆ ಬಿಗಿದು, ಹೈಡ್ರಾಲಿಕ್ ಜ್ಯಾಕುಗಳಿಂದ ಅದನ್ನು ಬಗ್ಗಿಸಿ ಬಿಡುವುದು. ಒಂದು ಹಾರಾಟದಲ್ಲಿ ರೆಕ್ಕೆ ಎಷ್ಟು ಸಲ ಎಷ್ಟು ಬಾಗುತ್ತದೆ ಎಂಬ ದಾಖಲೆಯನ್ನೇ ಜ್ಯಾಕುಗಳಿಗೆ ಉಣಿಸಿ, ಹಗಲು ರಾತ್ರಿ ಅದನ್ನೇ ಆಡಿಸುವುದು. ವರ್ಷಗಟ್ಟಲೆಯ ಹಾರಾಟ ತಿಂಗಳುಗಳಲ್ಲಿ ಮುಗಿಯುತ್ತದೆ. ಎಲ್ಲಿ ಬಿರುಕು ಹುಟ್ಟಿತು, ದಿನಕ್ಕೆ ಎಷ್ಟು ಬೆಳೆಯಿತು, ಯಾವಾಗ ಅಪಾಯದ ಗಡಿ ದಾಟಿತು? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಒಂದು ವಿಮಾನವನ್ನು ಇನ್ನೆಷ್ಟು ವರ್ಷ ಹಾರಿಸಬಹುದೆಂದು ಧೈರ್ಯವಾಗಿ ಹೇಳಬಹುದು. ಹೊಸ ವಿಮಾನ ಕೊಳ್ಳಲು ಕಾಸಿಲ್ಲದ ದೇಶಕ್ಕೆ ಈ ಉತ್ತರದ ಬೆಲೆ ಎಷ್ಟೆಂದು ಬೇರೆ ಹೇಳಬೇಕಿಲ್ಲ.

ಮುರಿದ ಮೇಲೆ ಏಕೆ ಮುರಿಯಿತು ಎಂದು ಹೇಳುವ ವಿದ್ಯೆಯೂ ಇದೇ ಕಾಲದಲ್ಲಿ ಬಲಿಯಿತು. ಮುರಿದ ಲೋಹದ ಮೈಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟರೆ ದಣಿವಿನಿಂದ ಮುರಿದದ್ದಕ್ಕೆ ಅಲೆಅಲೆಯ ಗೆರೆ ಕಾಣುತ್ತದೆ, ಒಮ್ಮೆಲೇ ಮಿತಿಮೀರಿದ ಬಲದಿಂದ ಮುರಿದದ್ದಕ್ಕೆ ಬೇರೆಯೇ ಗುರುತು. ಅಪಘಾತ ತನಿಖೆಗಳಲ್ಲಿ ಎನ್‌ಎಎಲ್‌ನ ವರದಿಗೆ ತೂಕ ಬಂದದ್ದು ಹೀಗೆ. ವಿಮಾನದ ಹೊರಗೂ ಈ ವಿದ್ಯೆಗೆ ಗಿರಾಕಿಗಳಿದ್ದರು: ಮುರಿಯುವ ಕಬ್ಬಿಣ ಎಲ್ಲ ಕಾರ್ಖಾನೆಗಳಲ್ಲೂ ಇದ್ದೇ ಇದೆ.

ಅಂತರಿಕ್ಷ ಇಲಾಖೆ ಬೆಳೆದಂತೆ ರಾಕೆಟ್ಟುಗಳೂ ಬೇಲೂರಿಗೆ ಬಂದವು. 1980ರ ಜುಲೈ 18ರಂದು ರೋಹಿಣಿಯನ್ನು ಕಕ್ಷೆಗೆ ಏರಿಸಿದ ಎಸ್‌ಎಲ್‌ವಿ–3ರ ಪುಟ್ಟ ಮಾದರಿಗಳು ಅದಕ್ಕೆ ವರ್ಷಗಳ ಮೊದಲೇ ಇಲ್ಲಿನ ಗಾಳಿಗೆ ಮುಖವೊಡ್ಡಿದ್ದವು. ಅಲ್ಲಿಂದಾಚೆಗೆ ಭಾರತದ ಪ್ರಮುಖ ಉಡಾವಣಾ ವಾಹನಗಳೆಲ್ಲ ಈ ಸುರಂಗದ ಹಾದಿಯಲ್ಲಿ ಬಂದವೇ. ರಾಕೆಟ್ ಏರುವಾಗ ಅದರ ಮೂತಿಯೊಳಗಿನ ಉಪಗ್ರಹ ಅನುಭವಿಸುವ ಗದ್ದಲವನ್ನೂ ನೆಲದ ಮೇಲೆ ಹುಟ್ಟಿಸಬೇಕಾಯಿತು. ಅದಕ್ಕೆಂದು ಎದ್ದದ್ದು 1,100 ಘನ ಮೀಟರಿನ ಪ್ರತಿಧ್ವನಿ ಕೋಣೆ. ದಪ್ಪ ಕಾಂಕ್ರೀಟಿನ ಗೋಡೆ, ಒಳಗೆ ದೊಡ್ಡ ಕೊಂಬುಗಳಿಂದ ಶಬ್ದ. ಆ ಗದ್ದಲದಲ್ಲಿ ಮನುಷ್ಯ ನಿಲ್ಲಲಾರ. ಉಪಗ್ರಹದ ಒಂದು ಬೆಸುಗೆಯಾದರೂ ಸಡಿಲವಿದ್ದರೆ ಅದೂ ನಿಲ್ಲುವುದಿಲ್ಲ.

ಈ ಅವಧಿಯಲ್ಲಿ ಸಂಸ್ಥೆಯ ಒಳಗೂ ಹೊರಗೂ ಒಂದು ಚರ್ಚೆ ನಡೆದೇ ಇತ್ತು. ಎನ್‌ಎಎಲ್ ಇತರರ ವಿಮಾನಗಳನ್ನು ಪರೀಕ್ಷಿಸಿ ಕೊಡುವ ಸಂಸ್ಥೆಯಾಗಿ ಉಳಿಯಬೇಕೋ, ತಾನೇ ವಿಮಾನ ವಿನ್ಯಾಸಕ್ಕೆ ಇಳಿಯಬೇಕೋ? ವಿನ್ಯಾಸ ತಮ್ಮ ಕೆಲಸ ಎಂದು ಕಾರ್ಖಾನೆಯವರ ನಿಲುವು. ಪರೀಕ್ಷೆ ಮಾಡಿ ಮಾಡಿ ಬಂದ ಅರಿವು ವಿನ್ಯಾಸಕ್ಕೆ ಹರಿಯದಿದ್ದರೆ ವ್ಯರ್ಥ ಎಂದು ಪ್ರಯೋಗಾಲಯದವರ ನಿಲುವು. ಎರಡರಲ್ಲೂ ಹುರುಳಿತ್ತು. ಮಾತುಗಳು ಕೆಲವೊಮ್ಮೆ ಬಿಸಿಯಾದದ್ದೂ ಉಂಟು. 1984ರಲ್ಲಿ ಲಘು ಯುದ್ಧವಿಮಾನಕ್ಕಾಗಿ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ, ಅಂದರೆ ಎಡಿಎ, ಸ್ಥಾಪನೆಯಾದಾಗ ಅದರ ಮೊದಲ ಮಹಾನಿರ್ದೇಶಕರಾಗಿ ವಲ್ಲೂರಿಯವರೇ ಹೋದರು. ಅಲ್ಲಿ ಅವರು ಹೆಚ್ಚು ಕಾಲ ನಿಲ್ಲಲಿಲ್ಲ. ಆದರೆ ಎಡಿಎ, ಎಚ್‌ಎಎಲ್, ಎನ್‌ಎಎಲ್ ಮತ್ತು ರಕ್ಷಣಾ ಪ್ರಯೋಗಾಲಯಗಳು ಒಂದೇ ನೊಗಕ್ಕೆ ಹೆಗಲು ಕೊಡಬೇಕೆಂಬ ಏರ್ಪಾಡು ಮಾತ್ರ ಉಳಿಯಿತು.

1984–1993: ಗಾಳಿಯ ಬದಲು ಗಣಿತ

ರೊದ್ದಂ ನರಸಿಂಹ ಅವರು ನಿರ್ದೇಶಕರಾದದ್ದು 1984ರಲ್ಲಿ. ಧವನ್ ಅವರ ಶಿಷ್ಯ, ಕ್ಯಾಲ್‌ಟೆಕ್‌ನ ಡಾಕ್ಟರೇಟ್, ಹರಿವಿನ ವಿಜ್ಞಾನದಲ್ಲಿ ಲೋಕಮಾನ್ಯ ಹೆಸರು. ಕನ್ನಡ ಓದುಗರಿಗೆ ಇನ್ನೊಂದು ನಂಟೂ ಉಂಟು: ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾ ಕನ್ನಡದಲ್ಲಿ ವಿಜ್ಞಾನ ಬರೆದ ಆರ್.ಎಲ್. ನರಸಿಂಹಯ್ಯನವರ ಮಗ ಅವರು. ತಂದೆ ವಿಜ್ಞಾನವನ್ನು ಕನ್ನಡಕ್ಕೆ ತಂದರು, ಮಗ ಅದನ್ನು ಕಂಪ್ಯೂಟರಿಗೆ ತಂದರು.

ಗಾಳಿಯ ಹರಿವಿನ ಸಮೀಕರಣಗಳು ಹತ್ತೊಂಬತ್ತನೆಯ ಶತಮಾನದಿಂದಲೂ ಗೊತ್ತಿದ್ದವು, ಬಿಡಿಸಲು ಆಗುತ್ತಿರಲಿಲ್ಲ. ವಿಮಾನದ ಸುತ್ತಲಿನ ಆಕಾಶವನ್ನು ಲಕ್ಷಗಟ್ಟಲೆ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲೂ ಲೆಕ್ಕ ಹಾಕಬಲ್ಲ ದೊಡ್ಡ ಕಂಪ್ಯೂಟರು ಬೇಕು. ಅಂಥ ಯಂತ್ರಗಳು ಅಮೆರಿಕದ ಬಳಿ ಇದ್ದವು. ಕೇಳಿದವರಿಗೆಲ್ಲ ಕೊಡುವ ವಸ್ತು ಅದಾಗಿರಲಿಲ್ಲ. ಹವಾಮಾನ ಮುನ್ಸೂಚನೆಗೆಂದು ಭಾರತ ಒಂದು ಕ್ರೇ ಯಂತ್ರ ಕೇಳಿ ಎಷ್ಟು ಷರತ್ತು ಒಪ್ಪಬೇಕಾಯಿತೆಂಬುದು ಆ ಕಾಲದ ಪತ್ರಿಕೆ ಓದಿದವರಿಗೆ ನೆನಪಿರುತ್ತದೆ.

ಎನ್‌ಎಎಲ್ ಇನ್ನೊಂದು ದಾರಿ ಹಿಡಿಯಿತು. ಯು.ಎನ್. ಸಿನ್ಹಾ ಅವರ ತಂಡ 1986ರಲ್ಲಿ ಫ್ಲೋಸಾಲ್ವರ್ ಕಟ್ಟಿತು. ಪೇಟೆಯಲ್ಲಿ ಸಿಗುವ ಇಂಟೆಲ್ 8086 ಚಿಪ್ಪುಗಳು, ಜೊತೆಗೆ ಗಣಿತಕ್ಕೆ 8087, ಇಂಥ ನಾಲ್ಕು ಸಂಸ್ಕಾರಕಗಳು. ಆಕಾಶವನ್ನು ನಾಲ್ಕು ಹೋಳು ಮಾಡಿ ಒಂದೊಂದಕ್ಕೆ ಒಂದೊಂದು ಹೋಳು ಹಂಚಿ, ಅಂಚಿನ ಲೆಕ್ಕವನ್ನು ಪರಸ್ಪರ ಹೇಳಿಕೊಳ್ಳುವಂತೆ ಮಾಡಿದರು. ಭಾರತದಲ್ಲಿ ಕಟ್ಟಿದ ಮೊದಲ ಸಮಾಂತರ ಕಂಪ್ಯೂಟರ್ ಇದು. ಆಮೇಲೆ ಬಂದ ಪರಮ್ ಸೂಪರ್‌ಕಂಪ್ಯೂಟರಿನ ಹೆಸರು ಎಲ್ಲರಿಗೂ ಗೊತ್ತು. ಫ್ಲೋಸಾಲ್ವರ್ ಹೆಸರು ಗೊತ್ತಿರುವವರು ಕಡಿಮೆ. ನನಗನ್ನಿಸುವಂತೆ ಇದು ಸರಿಯಾಗದ ಲೆಕ್ಕ. ಫ್ಲೋಸಾಲ್ವರ್‌ನ ನಂತರದ ಪೀಳಿಗೆಗಳು ಮಾನ್ಸೂನ್ ಲೆಕ್ಕಕ್ಕೂ ದುಡಿದವು.

ಇಷ್ಟಾದರೂ ಕಂಪ್ಯೂಟರ್ ಬಂದಿತೆಂದು ಗಾಳಿಸುರಂಗ ಮುಚ್ಚಲಿಲ್ಲ. ಗಣಿತ ಹೇಳಿದ್ದನ್ನು ಸುರಂಗ ಒಪ್ಪಬೇಕು. ಸುರಂಗದಲ್ಲಿ ಅಳೆಯಲಾಗದ್ದನ್ನು ಗಣಿತ ತೋರಿಸಬೇಕು. ಎರಡೂ ಹೊಂದದಿದ್ದಾಗ ಯಾರನ್ನು ನಂಬುವುದು ಎಂಬ ವಾದ ಎರಡು ವಿಭಾಗಗಳ ನಡುವೆ ಚಹಾದ ಹೊತ್ತಿನಲ್ಲಿ ನಡೆಯುತ್ತಿತ್ತು. ಸಂಸ್ಥೆಗೆ ಅದರಿಂದ ಲಾಭವೇ ಆಯಿತು.

1987ರ ಮಾರ್ಚ್‌ನಲ್ಲಿ ಮತ್ತು 1988ರ ಜುಲೈಯಲ್ಲಿ ಎಸ್‌ಎಲ್‌ವಿ–3ರ ನಂತರದ ಎಎಸ್‌ಎಲ್‌ವಿ ರಾಕೆಟ್ ಎರಡು ಸಲ ಬಿತ್ತು. ಎರಡನೆಯ ಸೋಲಿನ ಬಳಿಕ ನರಸಿಂಹ ಅವರ ಅಧ್ಯಕ್ಷತೆಯ ತಜ್ಞರ ತಂಡ ಕೂತು ವಾತಾವರಣದ ದಟ್ಟ ಪದರದಲ್ಲಿ ರಾಕೆಟ್ಟಿನ ಹಿಡಿತ ತಪ್ಪುವ ಬಗೆಯನ್ನು ಶೋಧಿಸಿತು. 1992ರ ಮೇ 20ರಂದು ಮೂರನೆಯದು ಕಕ್ಷೆ ಸೇರಿತು. ಈ ಸೋಲುಗಳಿಗೂ ಮೊದಲೇ, 1987ರ ಫೆಬ್ರವರಿಯಲ್ಲಿ, ಎನ್‌ಎಎಲ್‌ನಲ್ಲೇ ಜೋಡಿಸಿದ ಹಗುರ ಕನಾರ್ಡ್ (ಮೂತಿಯ ಬಳಿ ಪುಟ್ಟ ರೆಕ್ಕೆಯಿರುವ) ಸಂಶೋಧನಾ ವಿಮಾನ ಹಾರಿತ್ತು. ಪುಟ್ಟದು, ಆದರೆ ಪ್ರಯೋಗಾಲಯದ ಕೈಗೆ ವಿಮಾನ ಕಟ್ಟುವ ರುಚಿ ಹತ್ತಿದ್ದು ಅಲ್ಲಿ. ಕಾರ್ಬನ್ ನಾರಿನ ಬಟ್ಟೆಯನ್ನು ರಾಳದಲ್ಲಿ ನೆನೆಸಿ, ಒತ್ತಡದ ಒಲೆಯಲ್ಲಿ ಬೇಯಿಸಿ ವಿಮಾನದ ಭಾಗ ಮಾಡುವ ವಿದ್ಯೆಯೂ ಇದೇ ದಶಕದಲ್ಲಿ ನೆಲೆಯಾಯಿತು. ಆ ದೊಡ್ಡ ಆಟೋಕ್ಲೇವನ್ನು ಇಲ್ಲೇ ಕಟ್ಟಿಸಿಕೊಂಡರು. ಹೀಗೆ ಕೆಲಸ ವಿಮಾನದಾಚೆಗೂ ಹರಡಿದ ಮೇಲೆ 1993ರಲ್ಲಿ ಸಂಸ್ಥೆಯ ಹೆಸರಿನಲ್ಲಿ ಏರೋನಾಟಿಕಲ್ ಹೋಗಿ ಏರೋಸ್ಪೇಸ್ ಬಂತು.

1992–2001: ಹಾರದ ವಿಮಾನವನ್ನು ಹಾರಿಸಿದವರು

ಎನ್‌ಎಎಲ್‌ನ ಚರಿತ್ರೆಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬಯಸುವ ಅಧ್ಯಾಯ ಇದು.

ಲಘು ಯುದ್ಧವಿಮಾನ, ಮುಂದೆ ತೇಜಸ್ ಎನಿಸಿಕೊಂಡದ್ದು, ಬೇಕೆಂದೇ ಅಸ್ಥಿರವಾಗಿ ವಿನ್ಯಾಸಗೊಂಡ ವಿಮಾನ. ಚುರುಕಾಗಿ ತಿರುಗಲು ಅದು ಅನುಕೂಲ. ಆದರೆ ತಡೆಯದೆ ಬಿಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮೂತಿ ಎತ್ತಿ ಬಿದ್ದುಹೋಗುತ್ತದೆ. ಯಾವ ಪೈಲಟ್ಟಿನ ಕೈಯೂ ಅಷ್ಟು ವೇಗವಾಗಿ ಸರಿಪಡಿಸಲಾರದು. ಆದ್ದರಿಂದ ಕೈಗೂ ರೆಕ್ಕೆಗೂ ನಡುವೆ ಕಂಪ್ಯೂಟರ್ ಕೂರಬೇಕು. ಒಂದು ಕೆಟ್ಟರೆ ಇನ್ನೊಂದಿರಲೆಂದು ನಾಲ್ಕು ಪಟ್ಟು. ಪೈಲಟ್ ಕಡ್ಡಿ ಎಳೆದಾಗ ರೆಕ್ಕೆಯ ಯಾವ ಫಲಕ ಎಷ್ಟು ತಿರುಗಬೇಕೆಂದು ಪ್ರತಿಕ್ಷಣ ನಿರ್ಧರಿಸುವ ಸೂತ್ರಗಳೇ ಕಂಟ್ರೋಲ್ ಲಾ.

ಈ ಸೂತ್ರ ತಪ್ಪಿದರೆ ಏನಾಗುತ್ತದೆಂದು ಲೋಕ ಕಂಡಿತ್ತು. ಸ್ವೀಡನ್ನಿನ ಗ್ರಿಪೆನ್ 1989ರಲ್ಲಿ ಇಳಿಯುವಾಗ ಉರುಳಿತು. 1993ರಲ್ಲಿ ಸ್ಟಾಕ್‌ಹೋಮಿನ ನಡುವೆಯೇ, ಜನ ನೋಡುತ್ತಿದ್ದಂತೆ ಇನ್ನೊಂದು ಬಿತ್ತು. ಅಮೆರಿಕದ ವೈಎಫ್–22 1992ರಲ್ಲಿ ರನ್‌ವೇ ಮೇಲೆ ಹೊಟ್ಟೆ ಎಳೆಯಿತು. ಇವೆಲ್ಲ ಅನುಭವಸ್ಥ ದೇಶಗಳು. ಇಂಥ ವಿಮಾನ ಎಂದೂ ಮಾಡಿರದ ನಾವು ಮಾಡಬಲ್ಲೆವೇ ಎಂಬ ಅನುಮಾನ ದಿಲ್ಲಿಯಲ್ಲೂ ಇತ್ತು, ಬೆಂಗಳೂರಿನಲ್ಲೂ ಇತ್ತು.

1992ರಲ್ಲಿ ರಾಷ್ಟ್ರೀಯ ಕಂಟ್ರೋಲ್ ಲಾ ತಂಡ ಎನ್‌ಎಎಲ್‌ನಲ್ಲಿ ಕೂಡಿತು. ನಾಯಕರು ಶ್ಯಾಮ್ ಚೆಟ್ಟಿ. ಮುಂದೆ ಎನ್‌ಎಎಲ್‌ನ ನಿರ್ದೇಶಕರೂ ಆದವರು. ಎಡಿಎ, ಎಚ್‌ಎಎಲ್ ಹಾಗೂ ಇತರ ಸಂಸ್ಥೆಗಳ ಜನ ಒಂದೇ ಸೂರಿನಡಿ. ಅವರ ಬಳಿ ವಿಮಾನ ಇರಲಿಲ್ಲ. ಇದ್ದದ್ದು ಗಾಳಿಸುರಂಗದಲ್ಲಿ ಅಳೆದ ಸಂಖ್ಯೆಗಳ ರಾಶಿ. ಆ ಸಂಖ್ಯೆಗಳನ್ನು ಕಂಪ್ಯೂಟರಿಗೆ ಉಣಿಸಿ ವಿಮಾನದ ಒಂದು ಗಣಿತದ ಅವತಾರ ಕಟ್ಟಿದರು. ಅದಕ್ಕೆ ಕಾಕ್‌ಪಿಟ್ ಜೋಡಿಸಿ, ಎದುರಿಗೆ ರನ್‌ವೇಯ ಚಿತ್ರ ತೋರಿಸಿ, ವಾಯುಸೇನೆಯ ಪರೀಕ್ಷಾ ಪೈಲಟ್ಟುಗಳನ್ನು ಕೂರಿಸಿದರು. ಪೈಲಟ್ ಎದ್ದು ಬಂದು ಹೀಗಾಯಿತು, ಹಾಗಾಗಲಿಲ್ಲ ಎನ್ನುವುದು; ಎಂಜಿನಿಯರುಗಳು ಸೂತ್ರ ತಿದ್ದುವುದು; ಮತ್ತೆ ಕೂರುವುದು. ಪಕ್ಕಗಾಳಿ ಬೀಸಿಸಿದರು, ಎಂಜಿನ್ ನಿಲ್ಲಿಸಿದರು, ಸಂವೇದಕ ಸುಳ್ಳು ಹೇಳುವಂತೆ ಮಾಡಿದರು. ಇಷ್ಟು ಸಲ ಬಿದ್ದ ವಿಮಾನಕ್ಕೆ ಒಂದು ಗೀರೂ ಆಗಲಿಲ್ಲ.

ಗಣಿತದ ಅವತಾರದಲ್ಲಿ ಕಬ್ಬಿಣ ಇರುವುದಿಲ್ಲವಲ್ಲ. ಎಣ್ಣೆಯ ಪೈಪು ಉದ್ದವಿದ್ದರೆ ಫಲಕ ತಿರುಗಲು ತಡವಾಗುತ್ತದೆ. ಆ ತಡ ಗಣಿತದಲ್ಲಿ ಬಿಟ್ಟುಹೋಗಿದ್ದರೆ ಆಪತ್ತು. ಅದಕ್ಕಾಗಿ ಎಚ್‌ಎಎಲ್‌ನಲ್ಲಿ ಐರನ್ ಬರ್ಡ್ ಎಂಬ ಪರೀಕ್ಷಾ ಚೌಕಟ್ಟು ನಿಂತಿತು. ಅದಕ್ಕೆ ರೆಕ್ಕೆಯ ಮೈ ಇಲ್ಲ, ಬಣ್ಣ ಇಲ್ಲ. ಆದರೆ ಒಳಗಿರುವುದೆಲ್ಲ ನಿಜ: ವಿಮಾನದಲ್ಲಿರುವ ಅದೇ ಹೈಡ್ರಾಲಿಕ್ ಪಂಪು, ಅದೇ ಅಳತೆಯ ಪೈಪು, ಫಲಕ ತಿರುಗಿಸುವ ಅದೇ ಆಕ್ಚುಯೇಟರು, ಅದೇ ಹಾರಾಟ ಕಂಪ್ಯೂಟರು. ಹಾರಾಟ ಮಾತ್ರ ಸಿಮ್ಯುಲೇಟರಿನದು. ಅರ್ಧ ನಿಜ, ಅರ್ಧ ಲೆಕ್ಕ. ಕಂಪ್ಯೂಟರಿಗೆ ತಾನು ಆಕಾಶದಲ್ಲಿಲ್ಲ ಎಂಬುದು ಗೊತ್ತಾಗದು.

ತಂತ್ರಾಂಶದ ಪರೀಕ್ಷೆ ಇನ್ನೂ ಬೇಸರದ, ಆದ್ದರಿಂದ ಇನ್ನೂ ಮುಖ್ಯವಾದ ಕೆಲಸ. ಒಂದು ಸಾಲು ತಿದ್ದಿದರೂ ಹಳೆಯ ಪರೀಕ್ಷೆಗಳನ್ನೆಲ್ಲ ಮೊದಲಿಂದ ಓಡಿಸಬೇಕು. ಮನುಷ್ಯ ಮಾಡಿದರೆ ನಾಲ್ಕನೆಯ ದಿನಕ್ಕೆ ಕಣ್ಣು ತಪ್ಪುತ್ತದೆ. ಅದಕ್ಕೇ ಪರೀಕ್ಷಾ ಕೇಂದ್ರದ ಯಂತ್ರ ತಾನೇ ಸಂಕೇತ ಕಳಿಸಿ, ಬಂದ ಉತ್ತರವನ್ನು ಬರಬೇಕಾದ ಉತ್ತರಕ್ಕೆ ಹೋಲಿಸಿ, ಹೊಂದದ್ದನ್ನು ಮಾತ್ರ ಮನುಷ್ಯನ ಮುಂದಿಡುತ್ತದೆ.

1996ರಲ್ಲಿ ತಂಡ ಅಮೆರಿಕಕ್ಕೆ ಹೋಗಿ, ಬೇರೆ ವಿಮಾನದ ನಡೆಯನ್ನು ಅನುಕರಿಸಬಲ್ಲ ವಿಶೇಷ ಎಫ್–16ರಲ್ಲಿ ತಮ್ಮ ಸೂತ್ರವನ್ನು ತುಂಬಿ ಹಾರಿಸಿ ನೋಡಿತು. ಹುಟ್ಟದ ಮಗುವಿನ ನಡಿಗೆಯನ್ನು ಬೇರೆಯವರ ಕಾಲಲ್ಲಿ ನೋಡಿದ ಸಂತೋಷ. ಆ ಸಂತೋಷ ಬಹುಕಾಲ ಇರಲಿಲ್ಲ. 1998ರ ಮೇ ತಿಂಗಳ ಪೋಖ್ರಾನ್ ಅಣುಪರೀಕ್ಷೆಯ ಬೆನ್ನಿಗೆ ನಿರ್ಬಂಧ ಬಂತು. ಅಮೆರಿಕದ ಸಹಯೋಗ ನಿಂತಿತು, ನಮ್ಮ ಎಂಜಿನಿಯರುಗಳು ವಾಪಸಾದರು. ಉಳಿದ ಪರೀಕ್ಷೆಗಳೆಲ್ಲ ಬೆಂಗಳೂರಿನಲ್ಲೇ ಮುಗಿದವು. ತಡವಾಯಿತು, ಟೀಕೆಯೂ ಬಂತು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೊಠಿಯಾಲ್ ಅವರು ಎಚ್‌ಎಎಲ್ ರನ್‌ವೇಯಿಂದ ಲಘು ಯುದ್ಧವಿಮಾನವನ್ನು ಮೇಲೆತ್ತಿದರು. ಕೆಳಗಿಳಿದ ಪೈಲಟ್ಟಿಗೆ ವಿಮಾನ ಹೊಸದಾಗಿರಲಿಲ್ಲ. ವರ್ಷಗಳಿಂದ ಅದನ್ನು ನೆಲದ ಮೇಲೆ ಹಾರಿಸಿದ್ದವರೇ ಆ ಪರೀಕ್ಷಾ ಪೈಲಟ್ಟುಗಳೆಲ್ಲ. ಕಂಟ್ರೋಲ್ ಲಾ ದೋಷದಿಂದ ಒಂದೂ ತೇಜಸ್ ಮಾದರಿ ಪರೀಕ್ಷೆಯ ವರ್ಷಗಳಲ್ಲಿ ಬೀಳಲಿಲ್ಲ ಎಂಬುದನ್ನು ಗ್ರಿಪೆನ್ ಕಥೆಯ ಪಕ್ಕದಲ್ಲಿಟ್ಟು ಓದಬೇಕು.

1993–2009: ಸ್ವಂತ ರೆಕ್ಕೆಗಳು

ಹಂಸ ತರಬೇತಿ ವಿಮಾನ 1993ರ ನವೆಂಬರ್‌ನಲ್ಲಿ ಮೊದಲು ಹಾರಿತು. ಹಂಸ–3ಕ್ಕೆ 2000ದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪ್ರಮಾಣಪತ್ರ ಸಿಕ್ಕಿತು. ಎರಡು ಆಸನ, ನಾರು ಮತ್ತು ರಾಳದ ಕಾಂಪೋಸಿಟ್ ಮೈ. ಹಲವು ಫ್ಲೈಯಿಂಗ್ ಕ್ಲಬ್ಬುಗಳಿಗೆ ಅದು ಹೋಯಿತು.

ಸಾರಸ್ ದೊಡ್ಡ ಕನಸು. ಸಣ್ಣ ಊರುಗಳ ನಡುವೆ ಹತ್ತು ಹದಿನಾಲ್ಕು ಜನರನ್ನು ಒಯ್ಯಬಲ್ಲ, ಹಿಂಬದಿಯಲ್ಲಿ ಎರಡು ತಿರುಗಲಗುಗಳ ವಿಮಾನ. ಹುಬ್ಬಳ್ಳಿಗೆ ಬಸ್ಸು ಹಿಡಿದು ಅಲ್ಲಿಂದ ರಾತ್ರಿ ರೈಲಿನಲ್ಲಿ ಬೆಂಗಳೂರು ಸೇರುತ್ತಿದ್ದ ಯಲ್ಲಾಪುರ, ಶಿರಸಿ, ಸಿದ್ದಾಪುರದ ನಮ್ಮಂಥವರಿಗೆ ಆ ಕನಸಿನ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. 2004ರ ಮೇ 29ರಂದು ಅದು ಹಾರಿತು. ತೂಕ ನಿರೀಕ್ಷೆಗಿಂತ ಹೆಚ್ಚಿತ್ತು. ಅದನ್ನು ಇಳಿಸುವ, ಎಂಜಿನ್ ಬದಲಿಸುವ ಕೆಲಸ ಸಾಗಿತು. 2009ರ ಮಾರ್ಚ್ 6ರಂದು ಎರಡನೆಯ ಮಾದರಿ ಬಿಡದಿಯ ಬಳಿ ಪರೀಕ್ಷಾ ಹಾರಾಟದಲ್ಲಿ ಬಿತ್ತು. ಗಾಳಿಯಲ್ಲಿ ಒಂದು ಎಂಜಿನ್ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ಅದು. ವಾಯುಸೇನೆಯ ಮೂವರು ಅಧಿಕಾರಿಗಳು ತೀರಿಕೊಂಡರು. ಸಂಸ್ಥೆಯ ಸುವರ್ಣ ಮಹೋತ್ಸವದ ವರ್ಷವದು. ತನಿಖೆ ನಡೆಯಿತು, ಕಾರ್ಯಕ್ರಮ ನಿಂತಿತು. ನೆಲದ ಮೇಲೆ ಮಾಡಿ ಮುಗಿಸಲಾಗದ ಪರೀಕ್ಷೆಗಳೂ ಇವೆ. ಅವುಗಳಿಗೆ ಹೋದವರ ಹೆಸರು ಸಂಸ್ಥೆಯ ಯಾವ ಚರಿತ್ರೆಯಲ್ಲೂ ಮೇಲಿನ ಸಾಲಿನಲ್ಲಿರಬೇಕು. ಒಂಬತ್ತು ವರ್ಷಗಳ ಬಳಿಕ, 2018ರ ಜನವರಿ 24ರಂದು, ಮಾರ್ಪಾಡಾದ ಮೊದಲ ಮಾದರಿ ಮತ್ತೆ ಹಾರಿತು.

2009ರಿಂದೀಚೆಗೆ: ಅಂಗಳದಾಚೆಯ ಉಪಯೋಗಗಳು

ಮಂಜಿನಲ್ಲಿ ರನ್‌ವೇ ಎಷ್ಟು ದೂರ ಕಾಣುತ್ತದೆಂದು ಬೆಳಕಿನ ಕಿರಣದಿಂದ ಅಳೆಯುವ ‘ದೃಷ್ಟಿ’ ಉಪಕರಣ ದಿಲ್ಲಿ ವಿಮಾನ ನಿಲ್ದಾಣದ ಚಳಿಗಾಲಕ್ಕೆ ಒದಗಿತು. ಅದಕ್ಕಿಂತ ಮೊದಲು ಇಂಥವನ್ನು ಹೆಚ್ಚಿನ ಬೆಲೆಗೆ ಹೊರಗಿನಿಂದ ತರಿಸುತ್ತಿದ್ದರು. 2020ರಲ್ಲಿ ಕೊರೊನಾ ಹಬ್ಬಿದಾಗ ಎನ್‌ಎಎಲ್ ತಂಡ 36 ದಿನದಲ್ಲಿ ‘ಸ್ವಸ್ಥವಾಯು’ ಉಸಿರಾಟ ಯಂತ್ರವನ್ನು ರೂಪಿಸಿತು. ಗಾಳಿಯ ಒತ್ತಡವನ್ನು ಕ್ಷಣಕ್ಷಣಕ್ಕೂ ಅಳೆದು ಅದರಂತೆ ಮೋಟರನ್ನು ಓಡಿಸುವುದು ಅವರಿಗೆ ಹಳೆಯ ಕೆಲಸ; ಈ ಸಲ ಗಾಳಿ ಹೋಗಬೇಕಾದದ್ದು ರೋಗಿಯ ಮೂಗಿಗೆ. 2021ರ ಸೆಪ್ಟೆಂಬರ್ 3ರಂದು ಹೊಸ ಪೀಳಿಗೆಯ ಹಂಸ ಹಾರಿತು. 2024ರ ಫೆಬ್ರವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಯಲಿನಲ್ಲಿ, ಸೂರ್ಯನ ಬಲದಿಂದ ಬಹು ಎತ್ತರದಲ್ಲಿ ದಿನಗಟ್ಟಲೆ ತೇಲಬೇಕಾದ ವಿಮಾನದ ಚಿಕ್ಕ ಪ್ರತಿರೂಪವನ್ನು ಹಾರಿಸಿ ನೋಡಿದರು.

ಇವಕ್ಕಿಂತ ಕಡಿಮೆ ಸುದ್ದಿಯಾದ ಒಂದು ಸಂಗತಿಯನ್ನೂ ಇಲ್ಲಿ ಬರೆಯಬೇಕು. ಪರೀಕ್ಷೆಗೆ ಬೇಕಾದ ಚೌಕಟ್ಟು, ಜ್ಯಾಕು, ಸಂಕೇತ ದಾಖಲಿಸುವ ಪೆಟ್ಟಿಗೆ, ಅವನ್ನು ಓಡಿಸುವ ತಂತ್ರಾಂಶ, ಇವನ್ನೆಲ್ಲ ಒದಗಿಸಲು ಬೆಂಗಳೂರಿನ ಸಣ್ಣ ಸಣ್ಣ ಕಂಪನಿಗಳು ಹುಟ್ಟಿದವು. ಪೀಣ್ಯದ ಶೆಡ್ಡುಗಳಲ್ಲಿ ಶುರುವಾದ ಇಂಥ ಉದ್ಯಮಗಳು ಕಾರಿನ ಬ್ರೇಕು, ರೈಲಿನ ಬೋಗಿ, ಪಂಪ್‌ಸೆಟ್ಟಿನ ಮೋಟರುಗಳ ಪರೀಕ್ಷಾ ಯಂತ್ರಗಳನ್ನೂ ಕಟ್ಟುತ್ತವೆ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಹುಬ್ಬಳ್ಳಿಯ ಬಿವಿಬಿ, ಸುರತ್ಕಲ್ಲಿನ ಕೆಆರ್‌ಇಸಿ ಎಂಜಿನಿಯರಿಂಗ್ ಕಾಲೇಜುಗಳನ್ನು ದಾಟಿ ಬಂದ ನಮ್ಮ ಕಡೆಯ ಹುಡುಗರಿಗೆ ಅಂಥ ಶೆಡ್ಡುಗಳಲ್ಲಿ ಮೊದಲ ಸಂಬಳ ಸಿಕ್ಕಿದ್ದು ಅಪರೂಪವೇನಲ್ಲ. ಪರೀಕ್ಷೆಗೆ ಒಳಗಾಗದ ಮಾಲನ್ನು ಕೊಳ್ಳಬಾರದೆಂಬ ಪಟ್ಟು ಗಿರಾಕಿಗಳಲ್ಲಿ ಬೆಳೆದಂತೆ ಆ ಉದ್ಯಮವೂ ಬೆಳೆಯಿತು.

2008ರ ಮೇ ತಿಂಗಳಲ್ಲಿ ಪ್ರಯಾಣಿಕ ವಿಮಾನಗಳು ದೇವನಹಳ್ಳಿಗೆ ಹೋದ ಮೇಲೆ ಕೋಡಿಹಳ್ಳಿಯ ಮುಂದಿನ ರಸ್ತೆಗೆ ಹಳೆ ಏರ್‌ಪೋರ್ಟ್ ರಸ್ತೆ ಎಂಬ ಹೆಸರು ಗಟ್ಟಿಯಾಯಿತು. ರನ್‌ವೇ ಹಳತಾಗಿಲ್ಲ, ಪರೀಕ್ಷಾ ವಿಮಾನಗಳು ಅಲ್ಲಿಂದಲೇ ಏಳುತ್ತವೆ. 1967ರ ಗಾಳಿಸುರಂಗಕ್ಕೂ ನಿವೃತ್ತಿಯಿಲ್ಲ. ಕವಾಟ, ಅಳತೆಯ ಸಾಧನ, ಕಂಪ್ಯೂಟರುಗಳು ಕಾಲಕಾಲಕ್ಕೆ ಬದಲಾಗಿವೆ. ಮುಂದಿನ ಯುದ್ಧವಿಮಾನದ, ಮುಂದಿನ ರಾಕೆಟ್ಟಿನ ಉಕ್ಕಿನ ಮಾದರಿಗಳು ತಮ್ಮ ಸರದಿಗೆ ಬರುತ್ತಲೇ ಇವೆ.